ಹಗುರ ಮಾದರಿಯ ಲೆಕ್ಕಾಚಾರ
ನಿಂಟೆಂಡೊ ಸ್ವಿಚ್ ಲೈಟ್: ಒಂದು ವ್ಯಾವಹಾರಿಕ ಅಧ್ಯಯನ

ಮಾರುಕಟ್ಟೆಯಲ್ಲಿ ಒಂದು ಸರಕು ಚೆನ್ನಾಗಿ ಮಾರಾಟವಾಗುತ್ತಿರುವಾಗ ಅದರ ತಯಾರಕನಿಗೆ ಒಂದಲ್ಲ ಒಂದು ದಿನ ವಿತರಕರಿಂದ ಬರುವ ಬೇಡಿಕೆಯೊಂದಿದೆ: ಇದೇ ಮಾಲನ್ನು ಇನ್ನಷ್ಟು ಕಡಿಮೆ ಬೆಲೆಗೆ ಕೊಟ್ಟರೆ ಇದರ ಎರಡರಷ್ಟು ಮಾರಿಕೊಡಬಹುದು ಎಂಬುದು. ಈ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಅಗ್ಗದ ಮಾದರಿಯೊಂದನ್ನು ಹೊರತಂದ ಮೇಲೆ, ಹಿಂದೆ ಪೂರ್ಣ ಬೆಲೆ ಕೊಟ್ಟು ಕೊಳ್ಳುತ್ತಿದ್ದ ಗ್ರಾಹಕನೇ ಅಗ್ಗದ ಮಾದರಿಗೆ ತಿರುಗಿಕೊಂಡರೆ ಬೇಲಿಯೇ ಎದ್ದು ಹೊಲ ಮೇಯ್ದಂತಾಗುತ್ತದೆ. ವಹಿವಾಟು ಹೆಚ್ಚಿ ಲಾಭ ಕುಗ್ಗಿದ ಉದಾಹರಣೆಗಳು ಸಣ್ಣ ಕೈಗಾರಿಕೆಗಳಲ್ಲಿ ವಿರಳವಲ್ಲ. ವರ್ಷಾಂತ್ಯದಲ್ಲಿ ಲೆಕ್ಕಪತ್ರ ತಯಾರಾದಾಗಲೇ ಅದು ಬೆಳಕಿಗೆ ಬರುತ್ತದೆಂಬುದು ಮತ್ತೊಂದು ದುರ್ದೈವ.

ಅಗ್ಗದ ಮಾದರಿಯನ್ನು ಯಾವಾಗ, ಹೇಗೆ, ಯಾವ ಬೆಲೆಗೆ ಹೊರತರಬೇಕೆಂಬ ಈ ಪ್ರಶ್ನೆಯನ್ನು ಅರಿಯಲು ಜಪಾನಿನ ನಿಂಟೆಂಡೊ ಕಂಪನಿಯು 2019ರಲ್ಲಿ ಹೊರತಂದ 'ಸ್ವಿಚ್ ಲೈಟ್' ಎಂಬ ಆಟದ ಯಂತ್ರವು ಒಳ್ಳೆಯ ಅಧ್ಯಯನ ವಸ್ತುವಾಗಿದೆ. ಸರಕು ಮಕ್ಕಳ ಆಟದ್ದಾದರೂ ಅದರ ಹಿಂದಿನ ಲೆಕ್ಕಾಚಾರ ಆಟದ್ದಲ್ಲ. ಆ ಕಂಪನಿಯು ತನ್ನ ಮಾರಾಟದ ಅಂಕಿಅಂಶಗಳನ್ನು ಮಾದರಿವಾರು ಪ್ರಕಟಿಸುವುದರಿಂದ ಪರಿಣಾಮವನ್ನು ಅಳೆದು ನೋಡುವ ಅವಕಾಶವೂ ಇಲ್ಲಿದೆ.

ಹಿನ್ನೆಲೆ

ನಿಂಟೆಂಡೊ ಸಂಸ್ಥೆಯು 1889ರಲ್ಲಿ ಕ್ಯೋಟೋ ನಗರದಲ್ಲಿ ಫುಸಾಜಿರೊ ಯಮೌಚಿ ಅವರಿಂದ ಹನಾಫುಡಾ ಎಂಬ ಜಪಾನಿ ಇಸ್ಪೀಟೆಲೆಗಳ ತಯಾರಿಕೆಗಾಗಿ ಆರಂಭವಾಯಿತು. 1980ರಲ್ಲಿ 'ಗೇಮ್ ಅಂಡ್ ವಾಚ್' ಎಂಬ ಅಂಗೈಯಗಲದ ಆಟಿಕೆಯ ಮೂಲಕ ಅದು ಕೈಯಲ್ಲಿ ಹಿಡಿದು ಆಡುವ ಎಲೆಕ್ಟ್ರಾನಿಕ್ ಆಟಗಳ ಕ್ಷೇತ್ರಕ್ಕೆ ಕಾಲಿಟ್ಟಿತು. 1989ರಲ್ಲಿ ಬಂದ 'ಗೇಮ್ ಬಾಯ್' ಆ ಕ್ಷೇತ್ರವನ್ನೇ ಕಂಪನಿಯ ಹೆಸರಿಗೆ ಬರೆದುಕೊಟ್ಟಿತೆನ್ನಬಹುದು.

ಗೇಮ್ ಬಾಯ್ ಯಂತ್ರದ ಹಿಂದಿದ್ದ ತಂತ್ರಜ್ಞ ಗುನ್ಪೇ ಯೊಕೊಯಿ ಅವರ ತತ್ತ್ವ ಸರಳವಾದದ್ದು. ಹಳತಾಗಿ, ಅಗ್ಗವಾಗಿ, ಎಲ್ಲೆಡೆ ಸುಲಭವಾಗಿ ಸಿಗುವ ತಂತ್ರಜ್ಞಾನವನ್ನು ಹೊಸ ಉಪಯೋಗಕ್ಕೆ ಹಚ್ಚಬೇಕು ಎಂಬುದೇ ಅದು. ಪ್ರತಿಸ್ಪರ್ಧಿಗಳಾದ ಅಟಾರಿ ಮತ್ತು ಸೇಗಾ ಕಂಪನಿಗಳು ಬಣ್ಣದ ಪರದೆಯ ಯಂತ್ರಗಳನ್ನು ತಂದಾಗ ಗೇಮ್ ಬಾಯ್ ಒಂದೇ ಬಣ್ಣದ ಮಬ್ಬು ಪರದೆಯಲ್ಲಿಯೇ ಉಳಿಯಿತು. ಆದರೆ ಆ ಬಣ್ಣದ ಯಂತ್ರಗಳು ಆರು ಬ್ಯಾಟರಿ ಸೆಲ್ಲುಗಳನ್ನು ಕೆಲವೇ ಗಂಟೆಗಳಲ್ಲಿ ಖಾಲಿ ಮಾಡುತ್ತಿದ್ದರೆ, ಗೇಮ್ ಬಾಯ್ ನಾಲ್ಕೇ ಸೆಲ್ಲುಗಳಲ್ಲಿ ಅವುಗಳಿಗಿಂತ ಹಲವು ಪಟ್ಟು ಹೆಚ್ಚು ಹೊತ್ತು ನಡೆಯುತ್ತಿತ್ತು. ಗೆದ್ದದ್ದು ಮಬ್ಬು ಪರದೆಯೇ. ಗ್ರಾಹಕನಿಗೆ ಬೇಡವಾದದ್ದನ್ನು ಬಿಟ್ಟು ಬೇಕಾದದ್ದನ್ನು ಗಟ್ಟಿಯಾಗಿ ಕೊಡುವ ಈ ಪದ್ಧತಿ ಕಂಪನಿಯ ನಂತರದ ನಿರ್ಧಾರಗಳಲ್ಲಿಯೂ ಮತ್ತೆ ಮತ್ತೆ ಕಾಣಿಸುತ್ತದೆ.

ಬಹುಕಾಲ ಕಂಪನಿಯ ವ್ಯವಹಾರ ಎರಡು ಕವಲುಗಳಲ್ಲಿ ನಡೆಯಿತು: ಟಿವಿಗೆ ಜೋಡಿಸುವ ಯಂತ್ರಗಳು ಒಂದು ಕಡೆ, ಕೈಯಲ್ಲಿ ಹಿಡಿಯುವ ಯಂತ್ರಗಳು ಇನ್ನೊಂದು ಕಡೆ. 2012ರಲ್ಲಿ ಬಂದ 'ವೀ ಯು' ಎಂಬ ಟಿವಿ ಯಂತ್ರ ಒಟ್ಟು 1 ಕೋಟಿ 35 ಲಕ್ಷದಷ್ಟು ಮಾತ್ರ ಮಾರಾಟವಾಗಿ, ಅದರ ಹಿಂದಿನ 'ವೀ' ಯಂತ್ರದ 10 ಕೋಟಿಗೂ ಮಿಕ್ಕ ಮಾರಾಟದೆದುರು ತೀರ ಮಂಕಾಯಿತು. ಅನಂತರ 2017ರ ಮಾರ್ಚ್ 3ರಂದು ಹೊರಬಂದ 'ಸ್ವಿಚ್' ಯಂತ್ರದಲ್ಲಿ ಎರಡೂ ಕವಲುಗಳು ಒಂದಾದವು. ಮನೆಯಲ್ಲಿ ಅದನ್ನು ಡಾಕ್ ಎಂಬ ತೊಟ್ಟಿಲಿನಂತಹ ಆಧಾರದಲ್ಲಿಟ್ಟರೆ ಆಟವು ಟಿವಿಯ ಮೇಲೆ ಮೂಡುತ್ತದೆ. ತೆಗೆದುಕೊಂಡು ಹೊರನಡೆದರೆ ಅದೇ ಆಟ ಕೈಯಲ್ಲಿ ಮುಂದುವರಿಯುತ್ತದೆ. ಎರಡು ಬದಿಯ ನಿಯಂತ್ರಕಗಳನ್ನು ಕಳಚಿ ಇಬ್ಬರು ಹಂಚಿಕೊಂಡು ಆಡಲೂಬಹುದು. ಬೆಲೆ ಅಮೆರಿಕದಲ್ಲಿ 299.99 ಡಾಲರ್, ಜಪಾನಿನಲ್ಲಿ ತೆರಿಗೆ ಹೊರತು 29,980 ಯೆನ್.

2019ರ ಮಾರ್ಚ್ ಅಂತ್ಯದ ಹೊತ್ತಿಗೆ 3 ಕೋಟಿ 47 ಲಕ್ಷ ಸ್ವಿಚ್ ಯಂತ್ರಗಳು ಮಾರಾಟವಾಗಿದ್ದವು. ಆದರೂ ಎಲ್ಲವೂ ನಿರಾತಂಕವಾಗಿರಲಿಲ್ಲ. 2018-19ನೇ ಸಾಲಿಗೆ 2 ಕೋಟಿ ಯಂತ್ರಗಳ ಗುರಿ ಹಾಕಿಕೊಂಡಿದ್ದ ಕಂಪನಿಯು 2019ರ ಜನವರಿಯಲ್ಲಿ ಅದನ್ನು 1 ಕೋಟಿ 70 ಲಕ್ಷಕ್ಕೆ ಇಳಿಸಬೇಕಾಯಿತು. ಕೊನೆಗೆ ಮಾರಾಟವಾದದ್ದು 1 ಕೋಟಿ 69.5 ಲಕ್ಷ. ಇತ್ತ ಅಗ್ಗದ ಕೈಯಂತ್ರವಾದ '3ಡಿಎಸ್' 2011ರದ್ದಾಗಿ ಹಳತಾಗಿತ್ತು. ಮೂರು ದಶಕಗಳಿಂದ ಮಕ್ಕಳ ಕೈಗೆ ಕೊಡುತ್ತಿದ್ದ ಕಡಿಮೆ ಬೆಲೆಯ ಯಂತ್ರದ ಜಾಗ ಬರಿದಾಗುವ ಸೂಚನೆ ಕಾಣಿಸುತ್ತಿತ್ತು. ಆ ಜಾಗವನ್ನು 300 ಡಾಲರಿನ ಯಂತ್ರವು ತುಂಬಲಾರದು.

ಲೈಟ್ ಮಾದರಿಯ ಸ್ವರೂಪ

2019ರ ಜುಲೈ 10ರಂದು ಪ್ರಕಟವಾಗಿ ಸೆಪ್ಟೆಂಬರ್ 20ರಂದು ಮಾರುಕಟ್ಟೆಗೆ ಬಂದ ಸ್ವಿಚ್ ಲೈಟ್, ಕೈಯಲ್ಲಿ ಹಿಡಿದು ಆಡಲು ಮಾತ್ರ ಬರುವ ಚಿಕ್ಕ ಸ್ವಿಚ್. ಬೆಲೆ 199.99 ಡಾಲರ್, ಜಪಾನಿನಲ್ಲಿ ತೆರಿಗೆ ಹೊರತು 19,980 ಯೆನ್. ಅಂದರೆ ಮೂಲ ಮಾದರಿಯ ಬೆಲೆಯ ಮೂರರಲ್ಲಿ ಎರಡು ಪಾಲು. ಎರಡನ್ನೂ ಹೋಲಿಸಿದರೆ ವ್ಯತ್ಯಾಸಗಳು ಹೀಗಿವೆ:

1. ಪರದೆ: ಮೂಲ ಮಾದರಿಯಲ್ಲಿ 6.2 ಅಂಗುಲ, ಲೈಟ್‌ನಲ್ಲಿ 5.5 ಅಂಗುಲ. ಚಿತ್ರದ ಬಿಂದುಗಳ ಸಂಖ್ಯೆ ಎರಡರಲ್ಲಿಯೂ ಒಂದೇ.
2. ತೂಕ: ನಿಯಂತ್ರಕಗಳು ಸೇರಿ ಮೂಲ ಮಾದರಿ ಸುಮಾರು 398 ಗ್ರಾಂ, ಲೈಟ್ ಸುಮಾರು 275 ಗ್ರಾಂ.
3. ಟಿವಿ ಜೋಡಣೆ: ಲೈಟ್‌ನಲ್ಲಿ ಇಲ್ಲ. ಪೆಟ್ಟಿಗೆಯಲ್ಲಿ ಡಾಕ್ ಆಗಲಿ ಟಿವಿ ಕೇಬಲ್ ಆಗಲಿ ಬರುವುದಿಲ್ಲ; ಯಂತ್ರ ಮತ್ತು ಚಾರ್ಜರ್ ಮಾತ್ರ.
4. ನಿಯಂತ್ರಕಗಳು: ಮೂಲ ಮಾದರಿಯಲ್ಲಿ ಕಳಚಬಹುದು, ಲೈಟ್‌ನಲ್ಲಿ ಯಂತ್ರಕ್ಕೇ ಅಂಟಿಕೊಂಡಿವೆ. ಕಂಪನದ ಸೌಲಭ್ಯವಿಲ್ಲ.
5. ಬ್ಯಾಟರಿ: ಮೊದಲ ಸ್ವಿಚ್ ಎರಡೂವರೆಯಿಂದ ಆರೂವರೆ ಗಂಟೆ, ಲೈಟ್ ಮೂರರಿಂದ ಏಳು ಗಂಟೆ.

ಕೈಬಿಟ್ಟದ್ದು ಯಾವುದು, ಉಳಿಸಿಕೊಂಡದ್ದು ಯಾವುದು

ವೆಚ್ಚ ಕಡಿತವೆಂದೊಡನೆ ಅನೇಕ ತಯಾರಕರು ಮಾಡುವುದು ಎಲ್ಲ ಭಾಗಗಳಲ್ಲಿಯೂ ಸ್ವಲ್ಪ ಸ್ವಲ್ಪ ಇಳಿಸುವುದನ್ನು. ತಗಡು ತೆಳುವಾಗುತ್ತದೆ, ತಂತಿ ಸಣ್ಣದಾಗುತ್ತದೆ, ತಿರುಪುಮೊಳೆ ಕಡಿಮೆಯಾಗುತ್ತದೆ. ಇದರಿಂದ ಸರಕು ಅಗ್ಗವಾಗುವುದಿಲ್ಲ, ಕಳಪೆಯಾಗುತ್ತದೆ. ಲೈಟ್ ಮಾದರಿಯಲ್ಲಿ ಅನುಸರಿಸಿದ ಮಾರ್ಗ ಇದಕ್ಕೆ ವ್ಯತಿರಿಕ್ತವಾದದ್ದು. ಅಲ್ಲಿ ಒಂದು ಉಪಯೋಗವನ್ನೇ ಸಂಪೂರ್ಣವಾಗಿ ಕೈಬಿಟ್ಟು, ಉಳಿದ ಉಪಯೋಗವನ್ನು ಕುಂದಿಲ್ಲದಂತೆ ಇರಿಸಿಕೊಳ್ಳಲಾಯಿತು.

ಟಿವಿ ಜೋಡಣೆ ಎಂಬ ಒಂದೇ ಉಪಯೋಗ ಹೋದೊಡನೆ ಅದರ ಬೆನ್ನಿಗೆ ಎಷ್ಟು ವೆಚ್ಚಗಳು ಹೋಗುತ್ತವೆಂಬುದು ಗಮನಾರ್ಹ. ಡಾಕ್ ಬೇಡ, ಕೇಬಲ್ ಬೇಡ. ಯಂತ್ರವು ಎಂದೆಂದಿಗೂ ಕೈಯಲ್ಲಿಯೇ ಇರುವುದಾದರೆ ನಿಯಂತ್ರಕಗಳನ್ನು ಕಳಚುವ ಪ್ರಮೇಯವಿಲ್ಲ. ಕಳಚದಿದ್ದ ಮೇಲೆ ಪ್ರತಿ ನಿಯಂತ್ರಕಕ್ಕೂ ಇದ್ದ ಪ್ರತ್ಯೇಕ ಬ್ಯಾಟರಿ, ಪ್ರತ್ಯೇಕ ನಿಸ್ತಂತು ವ್ಯವಸ್ಥೆ, ಜಾರುಪಟ್ಟಿ, ಕೊಂಡಿ ಇವೆಲ್ಲ ಅನಗತ್ಯ. ಮೇಜಿನ ಮೇಲೆ ನಿಲ್ಲಿಸುವ ಹಿಂಬದಿಯ ಕಾಲೂ ಅನಗತ್ಯ. ಪೆಟ್ಟಿಗೆ ಚಿಕ್ಕದಾದುದರಿಂದ ಸಾಗಣೆ ಮತ್ತು ದಾಸ್ತಾನಿನ ಜಾಗದಲ್ಲಿಯೂ ಉಳಿತಾಯ. ಒಂದು ಎಳೆಯನ್ನು ಸರಿಯಾಗಿ ಆರಿಸಿ ಎಳೆದರೆ ಇಡೀ ಹೊಲಿಗೆ ಬಿಚ್ಚಿಕೊಳ್ಳುವಂತೆ, ಇಲ್ಲಿ ಒಂದು ಉಪಯೋಗದ ತ್ಯಾಗದಿಂದ ಅನೇಕ ಬಿಡಿಭಾಗಗಳು ತಾವಾಗಿ ಕಳಚಿದವು.

ಉಳಿಸಿಕೊಂಡದ್ದು ಅಷ್ಟೇ ಮುಖ್ಯ. ಯಂತ್ರದ ಮಿದುಳಾದ ಚಿಪ್ ಅದೇ ತೆರನಾದದ್ದು. ಆಟದ ಕಾರ್ಡುಗಳು ಅವೇ. ಕೈಯಲ್ಲಿ ಹಿಡಿದು ಆಡಬಹುದಾದ ಎಲ್ಲ ಆಟಗಳೂ ಲೈಟ್‌ನಲ್ಲಿ ನಡೆಯುತ್ತವೆ. ಕಂಪನಿಯ ಲಾಭದ ಮೂಲವಿರುವುದು ಮುಖ್ಯವಾಗಿ ಆಟಗಳ ಮಾರಾಟದಲ್ಲಿ. ಅಗ್ಗದ ಯಂತ್ರ ಕೊಂಡವನೂ ಆಟಕ್ಕೆ ಕೊಡುವ ಬೆಲೆ ಪೂರ್ಣ ಬೆಲೆಯೇ. ಲೈಟ್ ಬಿಡುಗಡೆಯಾದ ದಿನವೇ 'ಲಿಂಕ್ಸ್ ಅವೇಕನಿಂಗ್' ಎಂಬ ಹೊಸ ಆಟವೂ, ಎರಡು ತಿಂಗಳೊಳಗೆ ಪೋಕೆಮಾನ್ ಮಾಲಿಕೆಯ ಹೊಸ ಆಟಗಳೂ ಬಿಡುಗಡೆಯಾದುದು ಆಕಸ್ಮಿಕವಲ್ಲ. ಇವು ಒಬ್ಬನೇ ಕೈಯಲ್ಲಿ ಹಿಡಿದು ಆಡಲು ಹೇಳಿ ಮಾಡಿಸಿದ ಆಟಗಳು.

ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು. ಲೈಟ್ ಬರುವ ಮುನ್ನವೇ, 2019ರ ಆಗಸ್ಟ್‌ನಿಂದ, ಮೂಲ ಸ್ವಿಚ್‌ನ ಸುಧಾರಿತ ಆವೃತ್ತಿ ಅದೇ ಬೆಲೆಗೆ ಅಂಗಡಿಗಳಿಗೆ ಬರತೊಡಗಿತು. ಅದರ ಬ್ಯಾಟರಿ ನಾಲ್ಕೂವರೆಯಿಂದ ಒಂಬತ್ತು ಗಂಟೆ ನಡೆಯುತ್ತಿತ್ತು. ಕೆಳಗಿನ ಮೆಟ್ಟಿಲನ್ನು ಕಟ್ಟುವಾಗ ಮೇಲಿನ ಮೆಟ್ಟಿಲನ್ನೂ ಎತ್ತರಿಸಿದಂತಾಯಿತು. ಪೂರ್ಣ ಬೆಲೆ ಕೊಡುವ ಗ್ರಾಹಕನಿಗೆ ತಾನು ವಂಚಿತನಾದೆನೆಂಬ ಭಾವನೆ ಬರಲಿಲ್ಲ. ಎರಡು ಮಾದರಿಗಳ ನಡುವಿನ ಅಂತರ ಬೆಲೆಯಲ್ಲಷ್ಟೇ ಅಲ್ಲದೆ ಗುಣದಲ್ಲಿಯೂ ಸ್ಪಷ್ಟವಾಗಿ ಉಳಿಯಿತು.

ದರ ಇಳಿಕೆಯೋ ಹೊಸ ಮಾದರಿಯೋ

ಕಡಿಮೆ ಬೆಲೆಯ ಗ್ರಾಹಕನನ್ನು ತಲುಪಲು ಇರುವ ಇನ್ನೊಂದು ದಾರಿ ಇದ್ದ ಮಾಲಿನ ದರವನ್ನೇ ಇಳಿಸುವುದು. ಈ ದಾರಿಯ ಬೆಲೆಯೇನೆಂಬುದು ನಿಂಟೆಂಡೊ ಕಂಪನಿಗೆ 2011ರಲ್ಲಿಯೇ ಮನವರಿಕೆಯಾಗಿತ್ತು.

ಆ ವರ್ಷದ ಫೆಬ್ರವರಿಯಲ್ಲಿ ಜಪಾನಿನಲ್ಲಿ 25,000 ಯೆನ್ ಬೆಲೆಗೆ ಬಂದ 3ಡಿಎಸ್ ನಿರೀಕ್ಷೆಯಂತೆ ಮಾರಾಟವಾಗದಿದ್ದಾಗ, ಆಗಸ್ಟ್‌ನಲ್ಲಿ ಬೆಲೆಯನ್ನು 15,000 ಯೆನ್‌ಗೆ ಇಳಿಸಲಾಯಿತು. ಅಮೆರಿಕದಲ್ಲಿ 249.99 ಡಾಲರ್ ಇದ್ದದ್ದು 169.99 ಡಾಲರ್ ಆಯಿತು. ಮೊದಲೇ ಕೊಂಡವರ ಅಸಮಾಧಾನವನ್ನು ತಣಿಸಲು ಅವರಿಗೆ 20 ಹಳೆಯ ಆಟಗಳನ್ನು ಉಚಿತವಾಗಿ ಕೊಡಬೇಕಾಯಿತು. ಅಧ್ಯಕ್ಷರಾಗಿದ್ದ ಸತೋರು ಇವಾಟಾ ಅವರು ತಮ್ಮ ಸಂಬಳದಲ್ಲಿ ಅರ್ಧದಷ್ಟನ್ನು ಕಡಿತ ಮಾಡಿಕೊಂಡರು. 2012ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ ಕಂಪನಿಯು ನಷ್ಟ ಅನುಭವಿಸಿತು. ದರ ಇಳಿಕೆಯಿಂದ ಯಂತ್ರದ ಮಾರಾಟ ಚೇತರಿಸಿಕೊಂಡಿತು ನಿಜ. ಆದರೆ ಹೆಚ್ಚು ಬೆಲೆ ಕೊಡಲು ಸಿದ್ಧನಿದ್ದ ಗ್ರಾಹಕನೂ ಸೇರಿದಂತೆ ಪ್ರತಿಯೊಬ್ಬನಿಗೂ ಆ ರಿಯಾಯಿತಿ ಹೋಯಿತು.

2013ರ ಅಕ್ಟೋಬರ್‌ನಲ್ಲಿ ಅದೇ ಕಂಪನಿ ಬೇರೆ ದಾರಿ ಹಿಡಿಯಿತು. ಮಡಚುವ ಕೀಲನ್ನೂ ಮೂರು ಆಯಾಮದ ಚಿತ್ರವನ್ನೂ ತೆಗೆದುಹಾಕಿ, ಹಲಗೆಯಂತಹ '2ಡಿಎಸ್' ಮಾದರಿಯನ್ನು 129.99 ಡಾಲರಿಗೆ ತಂದಿತು. ಅದು ಮುಖ್ಯವಾಗಿ ಸಣ್ಣ ಮಕ್ಕಳಿಗಾಗಿ. ಬೆಲೆಗೆ ಮಣಿಯುವ ಗ್ರಾಹಕ ಅದನ್ನು ಕೊಂಡ. ಪೂರ್ಣ ಸೌಲಭ್ಯ ಬಯಸುವವನು ಮೂಲ ಮಾದರಿಯನ್ನೇ ಕೊಂಡ. ಲೈಟ್ ಮಾದರಿಯ ಬೇರುಗಳನ್ನು ಇಲ್ಲಿ ಕಾಣಬಹುದು. ದರ ಇಳಿಕೆಯು ಎಲ್ಲ ಗ್ರಾಹಕರಿಗೂ ಹೋಗುವ ಸೋಡಿ; ಹಗುರ ಮಾದರಿಯು ತ್ಯಾಗಕ್ಕೆ ಒಪ್ಪಿದ ಗ್ರಾಹಕನಿಗೆ ಮಾತ್ರ ಸಲ್ಲುವ ಸೋಡಿ.

ಅಂಕಿಅಂಶಗಳು ಹೇಳುವುದೇನು

ಭಾರತದಲ್ಲಿರುವಂತೆ ನಿಂಟೆಂಡೊ ಕಂಪನಿಯ ಲೆಕ್ಕದ ವರ್ಷವೂ ಏಪ್ರಿಲ್‌ನಿಂದ ಮಾರ್ಚ್‌ವರೆಗಿನದು. ಮಾರಾಟದ ವಿವರ ಹೀಗಿದೆ:

2018-19: ಮೂಲ ಸ್ವಿಚ್ 169.5 ಲಕ್ಷ. ಲೈಟ್ ಇರಲಿಲ್ಲ.
2019-20: ಒಟ್ಟು 210.3 ಲಕ್ಷ. ಅದರಲ್ಲಿ ಲೈಟ್ 61.9 ಲಕ್ಷ, ಮೂಲ ಮಾದರಿ ಸುಮಾರು 148.4 ಲಕ್ಷ.
2020-21: ಒಟ್ಟು 288.3 ಲಕ್ಷ. ಅದರಲ್ಲಿ ಲೈಟ್ 85.1 ಲಕ್ಷ, ಮೂಲ ಮಾದರಿ 203.2 ಲಕ್ಷ.

ಲೈಟ್ ಬಂದ ವರ್ಷ ಮೂಲ ಮಾದರಿಯ ಮಾರಾಟ 21.1 ಲಕ್ಷದಷ್ಟು ಇಳಿದಿದೆ. ಈ ಇಳಿಕೆಯನ್ನು ಸಂಪೂರ್ಣವಾಗಿ ಲೈಟ್ ಕಬಳಿಸಿದ ಪಾಲೆಂದೇ ಭಾವಿಸಿದರೂ, ಅದು ಲೈಟ್ ಮಾರಾಟದ ಸುಮಾರು ಶೇಕಡಾ 34 ಮಾತ್ರ. ಉಳಿದ ಶೇಕಡಾ 66 ಹೊಸ ಮಾರಾಟ. ಅಂಗಡಿಯ ಬೆಲೆಯಲ್ಲಿ ಸ್ಥೂಲವಾಗಿ ಲೆಕ್ಕ ಹಾಕೋಣ. 2018-19ರಲ್ಲಿ 169.5 ಲಕ್ಷ ಯಂತ್ರಗಳಿಗೆ ತಲಾ 300 ಡಾಲರಿನಂತೆ 508.5 ಕೋಟಿ ಡಾಲರ್. ಮರುವರ್ಷ ಮೂಲ ಮಾದರಿಯಿಂದ 445.2 ಕೋಟಿ, ಲೈಟ್‌ನಿಂದ ತಲಾ 200 ಡಾಲರಿನಂತೆ 123.8 ಕೋಟಿ, ಒಟ್ಟು 569 ಕೋಟಿ ಡಾಲರ್. ಅಂದರೆ ಸುಮಾರು ಶೇಕಡಾ 12ರ ಏರಿಕೆ. ಇದು ಅಂಗಡಿಯ ಬೆಲೆಯಾದ್ದರಿಂದ ಕಂಪನಿಯ ವಹಿವಾಟಲ್ಲ. ಪ್ರವೃತ್ತಿಯನ್ನು ತೋರಿಸುವ ಸೂಚಕ ಮಾತ್ರ.

ಈ ಲೆಕ್ಕವನ್ನು ಓದುವಾಗ ಮೂರು ಎಚ್ಚರಿಕೆಗಳು ಅವಶ್ಯ. ಮೊದಲನೆಯದಾಗಿ, ಲೈಟ್ ಮೊದಲ ವರ್ಷದಲ್ಲಿ ಆರು ತಿಂಗಳಿಗಿಂತ ಸ್ವಲ್ಪ ಹೆಚ್ಚು ಕಾಲ ಮಾತ್ರ ಮಾರುಕಟ್ಟೆಯಲ್ಲಿತ್ತು. ಎರಡನೆಯದಾಗಿ, ಲೈಟ್ ಬಾರದಿದ್ದರೆ ಮೂಲ ಮಾದರಿ ಎಷ್ಟು ಮಾರಾಟವಾಗುತ್ತಿತ್ತೆಂಬುದು ಯಾವ ಪುಸ್ತಕದಲ್ಲಿಯೂ ದಾಖಲಾಗುವುದಿಲ್ಲ. ಅದು ಅಂದಾಜಿನ ವಿಷಯ. ಮೂರನೆಯದಾಗಿ, 2020ರ ಮಾರ್ಚ್‌ನಿಂದ ಕೊರೋನಾ ಕಾರಣ ಜನರು ಮನೆಯಲ್ಲಿಯೇ ಉಳಿದರು. ಅದೇ ಮಾರ್ಚ್ 20ರಂದು ಬಂದ 'ಅನಿಮಲ್ ಕ್ರಾಸಿಂಗ್' ಆಟ ತಿಂಗಳಾಂತ್ಯದೊಳಗೆ 1 ಕೋಟಿ 17 ಲಕ್ಷಕ್ಕೂ ಹೆಚ್ಚು ಪ್ರತಿಗಳಷ್ಟು ಮಾರಾಟವಾಯಿತು. ಆದ್ದರಿಂದ 2020-21ರ ಏರಿಕೆಯನ್ನು ಲೈಟ್‌ನ ಖಾತೆಗೆ ಜಮಾ ಮಾಡುವುದು ಸರಿಯಲ್ಲ. ಆದರೂ ಎರಡೂ ವರ್ಷಗಳಲ್ಲಿ ಒಟ್ಟು ಮಾರಾಟದಲ್ಲಿ ಲೈಟ್‌ನ ಪಾಲು ಶೇಕಡಾ 29ರ ಆಸುಪಾಸಿನಲ್ಲಿಯೇ ನಿಂತದ್ದು, ಮೂಲ ಮಾದರಿಯನ್ನು ಅದು ನುಂಗಿಹಾಕಲಿಲ್ಲವೆಂಬುದಕ್ಕೆ ಸಾಕ್ಷಿ.

ವಂತಿಗೆಯ ಲೆಕ್ಕ: ಒಂದು ಕಾಲ್ಪನಿಕ ಉದಾಹರಣೆ

ಇನ್ನು ಸಣ್ಣ ತಯಾರಕರ ಮಟ್ಟಕ್ಕೆ ಇಳಿದು ನೋಡೋಣ. ಮೂರು ಜಾರುಗಳ ಮಿಕ್ಸರ್ ತಯಾರಿಸುವ ಒಂದು ಘಟಕವಿದೆಯೆಂದು ಭಾವಿಸೋಣ. ವಿತರಕರಿಗೆ ಮಾರುವ ಬೆಲೆ 3,600 ರೂಪಾಯಿ. ಬಿಡಿಭಾಗ, ಕೂಲಿ, ಪ್ಯಾಕಿಂಗ್ ಮುಂತಾದ ಚರ ವೆಚ್ಚ 2,700 ರೂಪಾಯಿ. ಬೆಲೆಯಲ್ಲಿ ಚರ ವೆಚ್ಚವನ್ನು ಕಳೆದು ಉಳಿಯುವ 900 ರೂಪಾಯಿಯೇ ವಂತಿಗೆ. ಬಾಡಿಗೆ, ಬಡ್ಡಿ, ಕಚೇರಿ ಖರ್ಚು ಮುಂತಾದ ಸ್ಥಿರ ವೆಚ್ಚಗಳೂ ಲಾಭವೂ ಈ ವಂತಿಗೆಯಿಂದಲೇ ಬರಬೇಕು. ತಿಂಗಳಿಗೆ 1,000 ಮಿಕ್ಸರ್‌ಗಳು ಮಾರಾಟವಾದರೆ ಒಟ್ಟು ವಂತಿಗೆ 9 ಲಕ್ಷ ರೂಪಾಯಿ.

ಈಗ ಒಂದೇ ಜಾರಿನ ಹಗುರ ಮಾದರಿಯನ್ನು 2,400 ರೂಪಾಯಿಗೆ ತರುವ ಆಲೋಚನೆಯಿದೆ. ಅದರ ಚರ ವೆಚ್ಚ 1,900. ವಂತಿಗೆ 500 ರೂಪಾಯಿ. ಹೊಸ ಅಚ್ಚು, ಹೊಸ ಪೆಟ್ಟಿಗೆ, ಪ್ರಚಾರ ಇವುಗಳಿಗೆ ತಿಂಗಳಿಗೆ ಹೆಚ್ಚುವರಿ ಸ್ಥಿರ ವೆಚ್ಚ 60,000 ರೂಪಾಯಿ. ತಿಂಗಳಿಗೆ 600 ಹಗುರ ಮಾದರಿಗಳು ಮಾರಾಟವಾಗುತ್ತವೆಂದು ಅಂದಾಜು.

600 ಮಿಕ್ಸರ್‌ಗಳಿಂದ ಬರುವ ವಂತಿಗೆ 3 ಲಕ್ಷ. ಹೆಚ್ಚುವರಿ ಸ್ಥಿರ ವೆಚ್ಚ ಕಳೆದರೆ 2,40,000. ಹಗುರ ಮಾದರಿಯತ್ತ ತಿರುಗಿದ ಪ್ರತಿಯೊಬ್ಬ ಹಳೆಯ ಗ್ರಾಹಕನಿಂದ ಘಟಕಕ್ಕೆ ತಪ್ಪುವ ವಂತಿಗೆ 900. ಆದ್ದರಿಂದ 2,40,000ವನ್ನು 900ರಿಂದ ಭಾಗಿಸಿದರೆ ಸಿಗುವ 266ರ ಸಂಖ್ಯೆಯೇ ಇಲ್ಲಿನ ಲಕ್ಷ್ಮಣರೇಖೆ. 600ರಲ್ಲಿ 266 ಮಂದಿಯವರೆಗೆ, ಅಂದರೆ ಶೇಕಡಾ 44ರವರೆಗೆ ಹಳೆಯ ಗ್ರಾಹಕರೇ ಆಗಿದ್ದರೂ ನಷ್ಟವಿಲ್ಲ. ಅದರಾಚೆಗೆ ಪ್ರತಿ ಗ್ರಾಹಕನೂ ಲಾಭವನ್ನು ಕರಗಿಸುತ್ತಾನೆ.

ಎರಡು ಸಂದರ್ಭಗಳನ್ನು ಹೋಲಿಸಬಹುದು:

ಸಂದರ್ಭ ಒಂದು: 200 ಹಳೆಯ ಗ್ರಾಹಕರು ತಿರುಗಿಕೊಂಡರು. ತಪ್ಪಿದ ವಂತಿಗೆ 1,80,000. ನಿವ್ವಳ ಪ್ರಯೋಜನ ತಿಂಗಳಿಗೆ 60,000 ರೂಪಾಯಿ.

ಸಂದರ್ಭ ಎರಡು: 350 ಹಳೆಯ ಗ್ರಾಹಕರು ತಿರುಗಿಕೊಂಡರು. ತಪ್ಪಿದ ವಂತಿಗೆ 3,15,000. ತಿಂಗಳಿಗೆ 75,000 ರೂಪಾಯಿ ಹಾನಿ.

ಎರಡನೆಯ ಸಂದರ್ಭದ ವಹಿವಾಟನ್ನು ನೋಡಿದರೆ ಅಪಾಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಮೂಲ ಮಾದರಿ 650 ಮಾರಾಟವಾಗಿ 23.4 ಲಕ್ಷ, ಹಗುರ ಮಾದರಿ 600 ಮಾರಾಟವಾಗಿ 14.4 ಲಕ್ಷ, ಒಟ್ಟು 37.8 ಲಕ್ಷ ರೂಪಾಯಿ. ಹಿಂದಿನ ವಹಿವಾಟು 36 ಲಕ್ಷ. ವಹಿವಾಟು 1.8 ಲಕ್ಷ ಏರಿದೆ, ಮಾರಾಟವಾದ ಮಿಕ್ಸರ್‌ಗಳ ಸಂಖ್ಯೆ 1,000ದಿಂದ 1,250ಕ್ಕೆ ಏರಿದೆ, ಕಾರ್ಮಿಕರಿಗೆ ಹೆಚ್ಚು ಕೆಲಸ ದೊರೆತಿದೆ, ವಿತರಕರು ಸಂತುಷ್ಟರಾಗಿದ್ದಾರೆ. ಮಾಲೀಕನ ಲಾಭ ಮಾತ್ರ 75,000 ಇಳಿದಿದೆ. ಮಾರಾಟದ ವರದಿಯನ್ನಷ್ಟೇ ನೋಡುವ ಮಾಲೀಕನಿಗೆ ಇದು ತಿಂಗಳುಗಟ್ಟಲೆ ತಿಳಿಯುವುದೇ ಇಲ್ಲ. ಮಾದರಿವಾರು ವಂತಿಗೆಯ ಪಟ್ಟಿಯನ್ನು ತಿಂಗಳಿಗೊಮ್ಮೆ ತಯಾರಿಸುವುದು ಇದಕ್ಕಿರುವ ಏಕೈಕ ಪರಿಹಾರ.

ಎಡವಿದ ಒಂದು ಪ್ರಯೋಗ

ಸೌಲಭ್ಯ ಕಡಿಮೆ ಮಾಡಿದ ಮಾತ್ರಕ್ಕೆ ಯಶಸ್ಸು ಖಚಿತವಲ್ಲ. ಸೋನಿ ಕಂಪನಿಯು 2009ರ ಅಕ್ಟೋಬರ್‌ನಲ್ಲಿ 'ಪಿಎಸ್‌ಪಿ ಗೋ' ಎಂಬ ಚಿಕ್ಕ ಕೈಯಂತ್ರವನ್ನು ತಂದಿತು. ಅದರಲ್ಲಿ ಆಟದ ತಟ್ಟೆ ಹಾಕುವ ಜಾಗವನ್ನು ತೆಗೆದುಹಾಕಿ, ಆಟಗಳನ್ನು ಅಂತರಜಾಲದ ಮೂಲಕವೇ ಪಡೆಯುವಂತೆ ಮಾಡಲಾಗಿತ್ತು. ಆದರೆ ಬೆಲೆ 249.99 ಡಾಲರ್, ತಟ್ಟೆ ಹಾಕಬಹುದಾದ ಸಾಮಾನ್ಯ ಪಿಎಸ್‌ಪಿಗಿಂತ ಹೆಚ್ಚು. ಗ್ರಾಹಕರ ಮನೆಯಲ್ಲಿದ್ದ ಹಳೆಯ ತಟ್ಟೆಗಳು ನಿರುಪಯುಕ್ತವಾದವು. ತಟ್ಟೆ ಮಾರಿ ಬದುಕುವ ಅಂಗಡಿಯವರಿಗೂ ಆ ಯಂತ್ರದಲ್ಲಿ ಆಸಕ್ತಿ ಇರಲು ಕಾರಣವಿರಲಿಲ್ಲ. 2011ರಲ್ಲಿ ಅದರ ತಯಾರಿಕೆ ನಿಂತಿತು.

ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ವ್ಯತ್ಯಾಸ ತಾನಾಗಿ ತಿಳಿಯುತ್ತದೆ. ಲೈಟ್ ಮಾದರಿಯಲ್ಲಿ ಕಡಿಮೆಯಾದ ಸೌಲಭ್ಯಕ್ಕೆ ತಕ್ಕಂತೆ ಬೆಲೆ ಮೂರನೆಯ ಒಂದು ಪಾಲು ಇಳಿಯಿತು. ಗೋ ಮಾದರಿಯಲ್ಲಿ ಸೌಲಭ್ಯ ಇಳಿದು ಬೆಲೆ ಏರಿತು. ಲೈಟ್ ಹಳೆಯ ಕಾರ್ಡುಗಳನ್ನು ಸ್ವೀಕರಿಸಿತು. ಗೋ ಹಳೆಯ ತಟ್ಟೆಗಳನ್ನು ತಿರಸ್ಕರಿಸಿತು. ಲೈಟ್ ಬಂದ ಮೇಲೆಯೂ ಅಂಗಡಿಯವನಿಗೆ ಮಾರಲು ಆಟಗಳಿದ್ದವು. ಗೋ ಮಾದರಿಯಲ್ಲಿ ಅವನನ್ನು ಬದಿಗೆ ಸರಿಸಲಾಯಿತು.

ಕಣ್ಣಿಗೆ ಬೀಳದ ವೆಚ್ಚಗಳು

ಒಂದು: ದುರಸ್ತಿ. ಸ್ವಿಚ್ ನಿಯಂತ್ರಕಗಳಲ್ಲಿ ಕೈ ಮುಟ್ಟದಿದ್ದರೂ ಚಲನೆ ದಾಖಲಾಗುವ ದೋಷದ ಬಗ್ಗೆ ಅಮೆರಿಕದಲ್ಲಿ 2019ರ ಜುಲೈನಲ್ಲಿ ಗ್ರಾಹಕರ ಸಾಮೂಹಿಕ ಮೊಕದ್ದಮೆ ದಾಖಲಾಯಿತು; ಲೈಟ್ ಬಂದ ಬಳಿಕ ಅದನ್ನೂ ಸೇರಿಸಲಾಯಿತು. 2020ರಲ್ಲಿ ಕಂಪನಿಯ ಅಧ್ಯಕ್ಷ ಶುಂಟಾರೊ ಫುರುಕಾವಾ ಅವರು ಗ್ರಾಹಕರಿಗಾದ ತೊಂದರೆಗೆ ಕ್ಷಮೆ ಕೋರಿದರು. ಮೂಲ ಮಾದರಿಯಲ್ಲಿ ಇಂತಹ ದೋಷ ಬಂದರೆ ನಿಯಂತ್ರಕವನ್ನಷ್ಟೇ ಬದಲಿಸಬಹುದು. ಲೈಟ್‌ನಲ್ಲಿ ಅದು ಅಂಟಿಕೊಂಡಿರುವುದರಿಂದ ಇಡೀ ಯಂತ್ರವನ್ನೇ ದುರಸ್ತಿಗೆ ಕಳುಹಿಸಬೇಕು. ಬಿಡಿಭಾಗಗಳನ್ನು ಒಂದುಗೂಡಿಸಿ ತಯಾರಿಕಾ ವೆಚ್ಚ ಉಳಿಸುವಾಗ ದುರಸ್ತಿಯ ವೆಚ್ಚ ಏರುವ ಸಂಭವವಿರುತ್ತದೆ. ವಾರಂಟಿಯ ಬಾಧ್ಯತೆಗಾಗಿ ಲೆಕ್ಕಪತ್ರ ಮಾನದಂಡ 29ರ ಪ್ರಕಾರ ಅವಕಾಶ ಕಲ್ಪಿಸುವಾಗ ಹಗುರ ಮಾದರಿಗೆ ಹಳೆಯ ಮಾದರಿಯ ಶೇಕಡಾವಾರನ್ನೇ ಕಣ್ಣುಮುಚ್ಚಿ ಅನ್ವಯಿಸಬಾರದು.

ಎರಡು: ದಾಸ್ತಾನು. ಲೆಕ್ಕಪತ್ರ ಮಾನದಂಡ 2ರಂತೆ ದಾಸ್ತಾನನ್ನು ಅದರ ವೆಚ್ಚ ಅಥವಾ ನಿವ್ವಳ ಮಾರಾಟ ಮೌಲ್ಯ, ಇವೆರಡರಲ್ಲಿ ಯಾವುದು ಕಡಿಮೆಯೋ ಅದರಂತೆ ತೋರಿಸಬೇಕು. ಹಗುರ ಮಾದರಿ ಬಂದ ಮೇಲೆ ಗೋದಾಮಿನಲ್ಲಿರುವ ಹಳೆಯ ಮಾದರಿಯನ್ನು ವೆಚ್ಚಕ್ಕಿಂತ ಕಡಿಮೆಗೆ ಮಾರುವ ಸ್ಥಿತಿ ಬಂದರೆ, ಆ ವ್ಯತ್ಯಾಸವನ್ನು ಆ ವರ್ಷದ ಲೆಕ್ಕದಲ್ಲಿಯೇ ತೋರಿಸಬೇಕಾಗುತ್ತದೆ. ಇದನ್ನು ಮುಂಚಿತವಾಗಿ ಅಂದಾಜಿಸದಿದ್ದರೆ ಮಾರ್ಚ್ ಅಂತ್ಯದಲ್ಲಿ ಬ್ಯಾಂಕಿಗೆ ಕೊಡುವ ದಾಸ್ತಾನಿನ ಪಟ್ಟಿಯೂ ಸಾಲದ ಮಿತಿಯೂ ಏರುಪೇರಾದಾವು.

ಮೂರು: ದುಡಿಯುವ ಬಂಡವಾಳ. ಒಂದು ಮಾದರಿಯಿದ್ದಾಗ ಸಾಕಾಗುತ್ತಿದ್ದ ದಾಸ್ತಾನು ಎರಡು ಮಾದರಿಗಳಾದಾಗ ಸಾಕಾಗದು. ವಿತರಕರ ಕಪಾಟಿನಲ್ಲಿಯೂ ಎರಡೆರಡು ಮಾಲು, ಎರಡಕ್ಕೂ ಉದ್ರಿ. ಹಗುರ ಮಾದರಿಯ ಬೆಲೆ ಕಡಿಮೆಯಿದ್ದರೂ ಉದ್ರಿಯ ಅವಧಿ ಕಡಿಮೆಯಾಗುವುದಿಲ್ಲ. ಇದರ ಬಡ್ಡಿಯನ್ನೂ ಹೆಚ್ಚುವರಿ ವೆಚ್ಚದಲ್ಲಿ ಸೇರಿಸಬೇಕು.

ನಾಲ್ಕು: ಗ್ರಾಹಕನ ತಿಳಿವಳಿಕೆ. ಲೈಟ್ ಟಿವಿಗೆ ಜೋಡಿಸಲು ಬಾರದೆಂಬುದನ್ನು ನಿಂಟೆಂಡೊ ಮೊದಲ ದಿನದಿಂದಲೇ ಹೇಳಿತು. ಯಾವ ಆಟ ಯಾವ ವಿಧಾನದಲ್ಲಿ ನಡೆಯುತ್ತದೆಂಬುದನ್ನು ಆಟಗಳ ಪೆಟ್ಟಿಗೆಯ ಮೇಲೆ ಚಿಹ್ನೆಗಳಿಂದ ತೋರಿಸುವ ಪದ್ಧತಿ ಇತ್ತು. ಭಾರತದ 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯ ಪ್ರಕಾರ ಮುಖ್ಯವಾದ ಮಾಹಿತಿಯನ್ನು ಉದ್ದೇಶಪೂರ್ವಕವಾಗಿ ಮರೆಮಾಚುವ ಜಾಹೀರಾತು ದಾರಿತಪ್ಪಿಸುವ ಜಾಹೀರಾತೆನಿಸುತ್ತದೆ. ಹಗುರ ಮಾದರಿಯಲ್ಲಿ ಏನಿದೆ ಎಂಬುದರಷ್ಟೇ ದೊಡ್ಡ ಅಕ್ಷರಗಳಲ್ಲಿ ಏನಿಲ್ಲ ಎಂಬುದನ್ನೂ ಮುದ್ರಿಸುವುದು ಕಾನೂನಿಗೂ ಒಳ್ಳೆಯದು, ವ್ಯಾಪಾರಕ್ಕೂ ಒಳ್ಳೆಯದು. ಏನಿಲ್ಲವೆಂಬುದು ಸ್ಪಷ್ಟವಿದ್ದಷ್ಟೂ ಅದು ಬೇಕಾದ ಗ್ರಾಹಕ ಮೂಲ ಮಾದರಿಯನ್ನೇ ಕೊಳ್ಳುತ್ತಾನೆ.

ನಿರ್ಧಾರಕ್ಕೆ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಗಳು

1. ಮೂಲ ಮಾದರಿ ಮಾರುಕಟ್ಟೆಯಲ್ಲಿ ಬೇರೂರಿದೆಯೇ? ಲೈಟ್ ಬಂದದ್ದು ಮೂಲ ಸ್ವಿಚ್ ಬಂದು ಎರಡೂವರೆ ವರ್ಷಗಳ ನಂತರ.
2. ಕೈಬಿಡುವುದು ಒಂದು ಸ್ಪಷ್ಟ ಉಪಯೋಗವನ್ನೋ ಅಥವಾ ಸರ್ವತ್ರ ಗುಣಮಟ್ಟವನ್ನೋ?
3. ಆ ಉಪಯೋಗ ಬೇಡವೆನ್ನುವ ಗ್ರಾಹಕರು ನಿಜವಾಗಿಯೂ ಇದ್ದಾರೆಯೇ? ಅವರು ಈಗ ಏನನ್ನು ಕೊಳ್ಳುತ್ತಿದ್ದಾರೆ?
4. ಹಳೆಯ ಗ್ರಾಹಕರಲ್ಲಿ ಎಷ್ಟು ಮಂದಿ ತಿರುಗಿಕೊಂಡರೆ ಲಾಭ ಸೊನ್ನೆಯಾಗುತ್ತದೆ? ಈ ಸಂಖ್ಯೆ ಕಾಗದದ ಮೇಲಿದೆಯೇ?
5. ಪೂರಕ ಮಾಲು, ಬಿಡಿಭಾಗ, ಸೇವೆಗಳ ಮಾರಾಟ ಎರಡೂ ಮಾದರಿಗಳಿಂದ ಸಮನಾಗಿ ಬರುವುದೇ?
6. ಮೂಲ ಮಾದರಿಯನ್ನು ಅದೇ ಬೆಲೆಯಲ್ಲಿ ಸ್ವಲ್ಪ ಉತ್ತಮಪಡಿಸಲು ಸಾಧ್ಯವೇ?
7. ದುರಸ್ತಿ, ದಾಸ್ತಾನು, ಉದ್ರಿ ಇವುಗಳ ಹೆಚ್ಚುವರಿ ಭಾರ ಲೆಕ್ಕದಲ್ಲಿ ಸೇರಿದೆಯೇ?

ಉಪಸಂಹಾರ

ಕೆಳಗಿನ ಮೆಟ್ಟಿಲನ್ನು ಕಟ್ಟಿದ ಎರಡು ವರ್ಷಗಳ ನಂತರ, 2021ರ ಅಕ್ಟೋಬರ್ 8ರಂದು, ನಿಂಟೆಂಡೊ ಕಂಪನಿಯು 7 ಅಂಗುಲದ ಉತ್ತಮ ಪರದೆಯುಳ್ಳ ಒಎಲ್ಇಡಿ ಮಾದರಿಯನ್ನು 349.99 ಡಾಲರಿಗೆ ತಂದು ಮೇಲಿನ ಮೆಟ್ಟಿಲನ್ನೂ ಕಟ್ಟಿತು. ಹೀಗೆ 200, 300, 350 ಡಾಲರಿನ ಮೂರು ಮೆಟ್ಟಿಲುಗಳು ಆದವು. 2021-22ರಲ್ಲಿ ಮಾರಾಟವಾದ 230.6 ಲಕ್ಷ ಯಂತ್ರಗಳಲ್ಲಿ ಒಎಲ್ಇಡಿ ಮಾದರಿ 58 ಲಕ್ಷ, ಲೈಟ್ 37 ಲಕ್ಷ. ಲೈಟ್‌ನ ಪಾಲು ಶೇಕಡಾ 16ಕ್ಕೆ ಇಳಿಯಿತು. ಇದನ್ನು ಸೋಲೆನ್ನಲಾಗದು. ಹಗುರ ಮಾದರಿಯ ಕೆಲಸ ಬಾಗಿಲು ತೆರೆಯುವುದು. ಒಳಗೆ ಬಂದವರು ಮೇಲಿನ ಮೆಟ್ಟಿಲೇರಿದರೆ ಅದು ಕಂಪನಿಗೆ ಲಾಭವೇ. 2025ರ ಜೂನ್ 5ರಂದು 'ಸ್ವಿಚ್ 2' ಬರುವ ಹೊತ್ತಿಗೆ ಮೊದಲ ಸ್ವಿಚ್‌ನ ಎಲ್ಲ ಮಾದರಿಗಳು ಸೇರಿ 15 ಕೋಟಿಗೂ ಮಿಕ್ಕಿ ಮಾರಾಟವಾಗಿದ್ದವು.

ಅಗ್ಗದ ಮಾದರಿ ತರುವುದು ತಪ್ಪಲ್ಲ. ಲೆಕ್ಕ ಹಾಕದೆ ತರುವುದು ತಪ್ಪು. ವಿತರಕನು ಹೇಳುವ ಸಂಖ್ಯೆ ಮಾರಾಟದ್ದು, ಮಾಲೀಕನು ನೋಡಬೇಕಾದ ಸಂಖ್ಯೆ ವಂತಿಗೆಯದು. ಹೊಸ ಅಚ್ಚಿಗೆ ಮುಂಗಡ ಕೊಡುವ ಮೊದಲು ಒಂದು ಹಾಳೆಯ ಮೇಲೆ ಈ ಎರಡೂ ಸಂಖ್ಯೆಗಳನ್ನು ಬರೆದುಕೊಂಡು, ಅವುಗಳ ನಡುವೆ ತಿರುಗಿಕೊಳ್ಳುವ ಗ್ರಾಹಕರ ಮಿತಿಯನ್ನೂ ಗುರುತಿಸಿಕೊಂಡರೆ, ನಿರ್ಧಾರ ಯಾವುದೇ ಆಗಿರಲಿ, ಅದು ತಿಳಿದು ಕೈಗೊಂಡ ನಿರ್ಧಾರವಾಗಿರುತ್ತದೆ.